ಬಿ ಫಾರಂ ಇಲ್ಲದ ಚುನಾವಣೆ: ಮಿಷಿಗನ್‌ನಲ್ಲಿ ಪಕ್ಷದ ಟಿಕೆಟ್ ಕೊಡುವವರು ಯಾರು?

ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, 1979ರಲ್ಲಿ ರಸಾಯನಶಾಸ್ತ್ರದ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ ಅವರು 2022ರ ಆಗಸ್ಟ್ 2ರಂದು ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯನ್ನು ಗೆದ್ದರು. ಕಣದಲ್ಲಿ ಒಂಬತ್ತು ಮಂದಿ ಇದ್ದರು, ಅವರಿಗೆ ಸಿಕ್ಕಿದ್ದು ಸುಮಾರು ಶೇ 28ರಷ್ಟು ಮತ. ಸಾರ್ವತ್ರಿಕ ಚುನಾವಣೆಗೆ ಇನ್ನೂ ಮೂರು ತಿಂಗಳಿತ್ತು. ಆದರೂ ಅವರು ವಾಷಿಂಗ್ಟನ್‌ಗೆ ಹೋಗುವುದು ಆ ರಾತ್ರಿಯೇ ಹೆಚ್ಚುಕಡಿಮೆ ಖಚಿತವಾಗಿತ್ತು. ನವೆಂಬರಿನಲ್ಲಿ ಅದೇ ಕ್ಷೇತ್ರ ಅವರನ್ನು ಸುಮಾರು ಶೇ 71ರಷ್ಟು ಮತಗಳಿಂದ ಗೆಲ್ಲಿಸಿತು.

ಸ್ವಂತ ಪಕ್ಷದವರೇ ಮತ ಹಾಕಿದ ಚುನಾವಣೆಯಲ್ಲಿ ಮೂರನೇ ಒಂದು ಭಾಗದಷ್ಟೂ ಮತ ಪಡೆಯದ ವ್ಯಕ್ತಿಯೊಬ್ಬರು ಮೂರು ತಿಂಗಳ ಬಳಿಕ ಮುಕ್ಕಾಲು ಪಾಲಿಗೆ ಹತ್ತಿರದ ಮತ ಪಡೆದದ್ದು ಹೇಗೆ? 2026 ಅಮೆರಿಕದಲ್ಲಿ ಮಧ್ಯಂತರ ಚುನಾವಣೆಯ ವರ್ಷ. ಮಿಷಿಗನ್‌ನಲ್ಲಿ ಪ್ರಾಥಮಿಕ ಚುನಾವಣೆಗೆ ಆಗಸ್ಟ್ 4, ಸಾರ್ವತ್ರಿಕ ಚುನಾವಣೆಗೆ ನವೆಂಬರ್ 3 ನಿಗದಿಯಾದ ದಿನಗಳು. ಅಲ್ಲಿ ಮಕ್ಕಳು, ಬಂಧುಗಳು ನೆಲೆಸಿರುವ ಅನೇಕ ಕನ್ನಡ ಮನೆಗಳಲ್ಲಿ ಈ ಎರಡು ದಿನಾಂಕಗಳ ಮಾತು ಬಂದಾಗ, ಒಂದೇ ಸ್ಥಾನಕ್ಕೆ ಎರಡು ಚುನಾವಣೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಮೊದಲು ಮನೆಯ ನಕ್ಷೆ

ಅಮೆರಿಕದ ಸಂಸತ್ತನ್ನು ಕಾಂಗ್ರೆಸ್ ಎನ್ನುತ್ತಾರೆ. ಇದಕ್ಕೂ ನಮ್ಮ ಕಾಂಗ್ರೆಸ್ ಪಕ್ಷಕ್ಕೂ ಸಂಬಂಧವಿಲ್ಲ. ಅದರ ಕೆಳಮನೆ ಜನಪ್ರತಿನಿಧಿಗಳ ಸಭೆ, ಮೇಲ್ಮನೆ ಸೆನೆಟ್. ಕೆಳಮನೆಯಲ್ಲಿ 435 ಸದಸ್ಯರಿದ್ದಾರೆ. ಅವರ ಅವಧಿ ಕೇವಲ ಎರಡು ವರ್ಷವಾದ್ದರಿಂದ ಪ್ರತಿ ಸಮ ಸಂಖ್ಯೆಯ ವರ್ಷದಲ್ಲಿ ಇಡೀ ಸಭೆಗೆ ಚುನಾವಣೆ ನಡೆಯುತ್ತದೆ. ಸೆನೆಟ್‌ಗೆ ಪ್ರತಿ ರಾಜ್ಯದಿಂದ ಇಬ್ಬರಂತೆ 100 ಮಂದಿ, ಅವರ ಅವಧಿ ಆರು ವರ್ಷ. ನಮ್ಮ ರಾಜ್ಯಸಭೆಗೆ ಶಾಸಕರು ಮತ ಹಾಕಿದಂತೆ ಅಲ್ಲಿಲ್ಲ, ಸೆನೆಟರ್‌ಗಳನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಟ್ಟನಡುವೆ ಬರುವ ಸಂಸತ್ ಚುನಾವಣೆಗೆ ಮಧ್ಯಂತರ ಚುನಾವಣೆ ಎಂದು ಹೆಸರು.

2020ರ ಜನಗಣತಿಯಂತೆ ಮಿಷಿಗನ್‌ನ ಜನಸಂಖ್ಯೆ 1,00,77,331. ಉಳಿದ ಹಲವು ರಾಜ್ಯಗಳು ಇದಕ್ಕಿಂತ ವೇಗವಾಗಿ ಬೆಳೆದಿದ್ದರಿಂದ ಕೆಳಮನೆಯಲ್ಲಿ ಅದರ ಪಾಲು 14 ಸ್ಥಾನಗಳಿಂದ 13ಕ್ಕೆ ಇಳಿಯಿತು. ಒಂದೊಂದು ಕ್ಷೇತ್ರದಲ್ಲಿ ಸುಮಾರು 7,75,000 ಜನರಿದ್ದಾರೆ. 435 ಎಂಬ ಒಟ್ಟು ಸಂಖ್ಯೆ ಬದಲಾಗುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ರಾಜ್ಯಗಳ ಪಾಲು ಮಾತ್ರ ಜನಗಣತಿಗೆ ತಕ್ಕಂತೆ ಏರಿಳಿಯುತ್ತದೆ, ಅದರೊಂದಿಗೆ ಕ್ಷೇತ್ರಗಳ ಗಡಿಯನ್ನೂ ಹೊಸದಾಗಿ ಎಳೆಯಬೇಕಾಗುತ್ತದೆ.

ಟಿಕೆಟ್ ಎಂಬುದು ಎಲ್ಲಿಂದ ಬರುತ್ತದೆ

ನಮ್ಮಲ್ಲಿ ಚುನಾವಣೆ ಘೋಷಣೆಯಾದ ಕೂಡಲೇ ಟಿಕೆಟ್ ಆಕಾಂಕ್ಷಿಗಳು ಬೆಂಗಳೂರಿನಿಂದ ದೆಹಲಿಗೆ ಓಡಾಡುತ್ತಾರೆ, ವರಿಷ್ಠರು ಪಟ್ಟಿ ಬಿಡುಗಡೆ ಮಾಡುತ್ತಾರೆ, ಕೊನೆಗೆ ಬಿ ಫಾರಂ ಯಾರ ಕೈ ಸೇರುತ್ತದೋ ಅವರೇ ಪಕ್ಷದ ಅಧಿಕೃತ ಅಭ್ಯರ್ಥಿ. ಆ ಒಂದು ಹಾಳೆಯ ಹಿಂದೆ ಪಕ್ಷದ ಒಳಗಿನ ತೀರ್ಮಾನವಿರುತ್ತದೆ, ಮತದಾರನ ಪಾತ್ರ ಅಲ್ಲಿಂದ ಮುಂದೆ ಆರಂಭವಾಗುತ್ತದೆ.

ಮಿಷಿಗನ್‌ನಲ್ಲಿ ಈ ಬಿ ಫಾರಂ ಎಂಬುದೇ ಇಲ್ಲ. ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಲು ಬಯಸುವವರು ಎಷ್ಟೇ ಮಂದಿಯಿದ್ದರೂ ಎಲ್ಲರ ಹೆಸರೂ ಆಗಸ್ಟ್‌ನ ಮತಪತ್ರದಲ್ಲಿ ಬರುತ್ತದೆ. ಅವರಲ್ಲಿ ಹೆಚ್ಚು ಮತ ಪಡೆದವರು ಪಕ್ಷದ ಅಭ್ಯರ್ಥಿಯಾಗುತ್ತಾರೆ. ರಿಪಬ್ಲಿಕನ್ ಪಕ್ಷಕ್ಕೂ ಅದೇ ದಿನ, ಅದೇ ಮತಗಟ್ಟೆಯಲ್ಲಿ, ಅದೇ ರೀತಿಯಲ್ಲಿ ಆಯ್ಕೆ ನಡೆಯುತ್ತದೆ. ಪಕ್ಷದ ನಾಯಕರಿಗೆ ಒಬ್ಬರನ್ನು ಬೆಂಬಲಿಸುವ, ಅವರ ಪರ ಪ್ರಚಾರ ಮಾಡುವ ಸ್ವಾತಂತ್ರ್ಯವಿದೆ, ಆದರೆ ಯಾರ ಹೆಸರನ್ನೂ ಹೊಡೆದುಹಾಕುವ ಅಧಿಕಾರವಿಲ್ಲ. ಈ ಒಳ ಆಯ್ಕೆಗೇ ಪ್ರಾಥಮಿಕ ಚುನಾವಣೆ ಅಥವಾ ಪ್ರೈಮರಿ ಎಂದು ಹೆಸರು. ಇದನ್ನು ನಡೆಸುವುದು ಪಕ್ಷವಲ್ಲ, ಸರ್ಕಾರ. ಮತಗಟ್ಟೆ, ಸಿಬ್ಬಂದಿ, ಎಣಿಕೆ ಎಲ್ಲವೂ ಸಾರ್ವಜನಿಕ ವೆಚ್ಚದಲ್ಲಿ ಆಗುತ್ತವೆ. ಪಕ್ಷದ ಮುಖಂಡರು ಬಾಗಿಲು ಮುಚ್ಚಿಕೊಂಡು ಅಭ್ಯರ್ಥಿಯನ್ನು ಆರಿಸುತ್ತಿದ್ದ ಪದ್ಧತಿಗೆ ವಿರುದ್ಧವಾಗಿ 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸುಧಾರಕರು ನಡೆಸಿದ ಹೋರಾಟದ ಫಲ ಇದು.

ಎಲ್ಲ ಹುದ್ದೆಗಳಿಗೂ ಇದೇ ದಾರಿಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮಿಷಿಗನ್‌ನ ಅಟಾರ್ನಿ ಜನರಲ್ ಹುದ್ದೆಗೂ, ಚುನಾವಣೆಗಳ ಮೇಲ್ವಿಚಾರಣೆ ನಡೆಸುವ ರಾಜ್ಯ ಕಾರ್ಯದರ್ಶಿ ಹುದ್ದೆಗೂ ಅಭ್ಯರ್ಥಿಗಳನ್ನು ಇಂದಿಗೂ ಪಕ್ಷದ ಸಮಾವೇಶವೇ ಆರಿಸುತ್ತದೆ. ಸಂಸತ್ ಸದಸ್ಯರು, ರಾಜ್ಯಪಾಲರು ಮತ್ತು ರಾಜ್ಯದ ಶಾಸಕರಿಗೆ ಪ್ರೈಮರಿಯ ಹಾದಿ. ಅಲ್ಲಿಯ ರಾಜ್ಯಪಾಲರು ಕೇಂದ್ರದಿಂದ ನೇಮಕವಾದವರಲ್ಲ, ಜನರಿಂದ ಆಯ್ಕೆಯಾಗಿ ನಮ್ಮ ಮುಖ್ಯಮಂತ್ರಿಯ ಜಾಗದಲ್ಲಿ ಆಡಳಿತ ನಡೆಸುವವರು.

ಸಾವಿರ ಸಹಿಗಳ ಬಾಗಿಲು

ಯಾರು ಬೇಕಾದರೂ ಸ್ಪರ್ಧಿಸಬಹುದು ಎಂದಮಾತ್ರಕ್ಕೆ ಬಾಗಿಲಲ್ಲಿ ತಡೆಯೇ ಇಲ್ಲವೆಂದಲ್ಲ. ಕೆಳಮನೆಗೆ ಸ್ಪರ್ಧಿಸುವ ಪಕ್ಷದ ಆಕಾಂಕ್ಷಿ ತನ್ನ ಕ್ಷೇತ್ರದ ನೋಂದಾಯಿತ ಮತದಾರರಿಂದ ಕನಿಷ್ಠ 1,000 ಸಹಿಗಳನ್ನು ಸಂಗ್ರಹಿಸಿ ಏಪ್ರಿಲ್‌ನ ಗಡುವಿನೊಳಗೆ ಸಲ್ಲಿಸಬೇಕು. ಸೆನೆಟ್‌ಗಾದರೆ 15,000 ಸಹಿಗಳು ಬೇಕು. ಲೋಕಸಭೆಗೆ ನಾಮಪತ್ರ ಹಾಕುವಾಗ ನಮ್ಮಲ್ಲಿ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು, ಜೊತೆಗೆ ಠೇವಣಿ ಇಡಬೇಕು. ಅಲ್ಲಿ ಠೇವಣಿಯ ಜಾಗದಲ್ಲಿ ಈ ಸಹಿಗಳ ಕಟ್ಟು ಇದೆ ಎಂದುಕೊಂಡರೆ ಅರ್ಥವಾಗುತ್ತದೆ.

ಏಳೂಮುಕ್ಕಾಲು ಲಕ್ಷ ಜನರಿರುವ ಕ್ಷೇತ್ರದಲ್ಲಿ ಸಾವಿರ ಸಹಿ ಸಣ್ಣ ಸಂಖ್ಯೆಯಂತೆ ಕಾಣುತ್ತದೆ, ಆದರೆ ಅನುಭವಿ ರಾಜಕಾರಣಿಗಳೇ ಇಲ್ಲಿ ಎಡವಿದ್ದಾರೆ. 2012ರಲ್ಲಿ 11ನೇ ಕ್ಷೇತ್ರದ ಹಾಲಿ ಸದಸ್ಯರಾಗಿದ್ದ ರಿಪಬ್ಲಿಕನ್ ಪಕ್ಷದ ಥ್ಯಾಡಿಯಸ್ ಮೆಕಾಟರ್ ಅವರ ಪರವಾಗಿ 1,800ಕ್ಕೂ ಹೆಚ್ಚು ಸಹಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಊರ್ಜಿತವಾಗಿ ಉಳಿದದ್ದು 244 ಮಾತ್ರ. ಹಿಂದಿನ ಚುನಾವಣೆಯ ಸಹಿ ಹಾಳೆಗಳನ್ನೇ ನಕಲು ಮಾಡಿ, ತೇಪೆ ಹಾಕಿ, ದಿನಾಂಕ ತಿದ್ದಿ ಮತ್ತೆ ಕೊಡಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಿದ್ದು, ಅವರ ಸಿಬ್ಬಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಮೆಕಾಟರ್ ಅವರ ಮೇಲೆ ಆರೋಪ ಬರಲಿಲ್ಲ, ಆದರೆ ಆ ವರ್ಷದ ಜುಲೈಯಲ್ಲಿ ಅವರು ರಾಜೀನಾಮೆ ಕೊಟ್ಟರು. ರಿಪಬ್ಲಿಕನ್ ಅಂಕಣದಲ್ಲಿ ಮುದ್ರಿತವಾಗಿ ಉಳಿದದ್ದು ಒಂದೇ ಹೆಸರು. ಶಿಕ್ಷಕರಾಗಿದ್ದ, ಮನೆಯಲ್ಲಿ ಹಿಮಸಾರಂಗಗಳನ್ನು ಸಾಕುತ್ತಿದ್ದ ಕೆರಿ ಬೆಂಟಿವೋಲಿಯೊ ಅವರು ಹೀಗೆ ಅಭ್ಯರ್ಥಿಯಾಗಿ, ನವೆಂಬರಿನಲ್ಲಿ ಗೆದ್ದು ಸಂಸತ್ತನ್ನೇ ಪ್ರವೇಶಿಸಿದರು. ಎರಡು ವರ್ಷಗಳ ಬಳಿಕ ಬಂದ ಪ್ರೈಮರಿಯಲ್ಲಿ ಅವರು ಸೋತರು.

ಡೆಟ್ರಾಯಿಟ್ ನಗರವನ್ನು 1965ರಿಂದ ಪ್ರತಿನಿಧಿಸುತ್ತಿದ್ದ ಜಾನ್ ಕಾನ್ಯರ್ಸ್ ಅವರ ಹೆಸರನ್ನೂ 2014ರಲ್ಲಿ ಮತಪತ್ರದಿಂದ ತೆಗೆಯಲಾಗಿತ್ತು. ಅಲ್ಲಿ ದೋಷ ಸಹಿ ಹಾಕಿದವರದ್ದಲ್ಲ, ಸಹಿ ಸಂಗ್ರಹಿಸಿದವರದ್ದು: ಅವರಲ್ಲಿ ಕೆಲವರು ಸ್ವತಃ ನೋಂದಾಯಿತ ಮತದಾರರಾಗಿರಲಿಲ್ಲ. ಅಂಥ ನಿಬಂಧನೆ ಸಂವಿಧಾನ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುತ್ತದೆಂಬ ವಾದವನ್ನು ಮನ್ನಿಸಿದ ಫೆಡರಲ್ ನ್ಯಾಯಾಲಯ ಅವರ ಹೆಸರನ್ನು ಮತ್ತೆ ಸೇರಿಸಿತು. 2022ರಲ್ಲಿ ರಾಜ್ಯಪಾಲ ಹುದ್ದೆಗೆ ರಿಪಬ್ಲಿಕನ್ ಪಕ್ಷದಿಂದ ಹೊರಟಿದ್ದ ಹತ್ತು ಮಂದಿಯಲ್ಲಿ ಐವರು ನಕಲಿ ಸಹಿಗಳ ಕಾರಣಕ್ಕೆ ಕಣದಿಂದ ಹೊರಬಿದ್ದರು. ಹಣ ಪಡೆದು ಸಹಿ ತರುವ ಕೆಲವರು ಮನೆ ಮನೆಗೆ ಹೋಗುವ ಬದಲು ಹಾಳೆಗಳನ್ನು ತಮ್ಮಲ್ಲೇ ಹಂಚಿಕೊಂಡು ಸರದಿಯ ಮೇಲೆ ಸುಳ್ಳು ಸಹಿ ಗೀಚುವ ಹಳೆಯ ಚಾಳಿ ಅಲ್ಲಿದೆ. ಅದಕ್ಕೆ ಬೆಲೆ ತೆರುವುದು ಮಾತ್ರ ಅಭ್ಯರ್ಥಿ. 2022ರಲ್ಲಿ ಥಾಣೇದಾರ್ ಅವರಿಗೆ ಸಮೀಪದ ಪೈಪೋಟಿ ಕೊಟ್ಟಿದ್ದ ಆ್ಯಡಮ್ ಹೋಲಿಯರ್ ಅವರು 2024ರಲ್ಲಿ ಊರ್ಜಿತ ಸಹಿಗಳು ಸಾವಿರ ಮುಟ್ಟದೆ ಮತಪತ್ರದಲ್ಲಿ ಸ್ಥಾನ ಕಳೆದುಕೊಂಡರು. ಆ ವರ್ಷದ ಪ್ರೈಮರಿಯಲ್ಲಿ ಥಾಣೇದಾರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು.

ಮತಗಟ್ಟೆಯ ಒಳಗೆ

ಆಗಸ್ಟ್‌ನ ಮತಪತ್ರ ಕಾಗದದ್ದು. ಅದರಲ್ಲಿ ಪಕ್ಷಕ್ಕೊಂದರಂತೆ ಉದ್ದನೆಯ ಅಂಕಣಗಳಿರುತ್ತವೆ, ಒಂದೊಂದು ಹುದ್ದೆಯ ಕೆಳಗೆ ಆಕಾಂಕ್ಷಿಗಳ ಹೆಸರು, ಹೆಸರಿನ ಪಕ್ಕದಲ್ಲಿ ಪುಟ್ಟ ಅಂಡಾಕಾರದ ಗುರುತು. ಮತದಾರ ಲೇಖನಿಯಿಂದ ಆ ಅಂಡಾಕಾರವನ್ನು ತುಂಬಬೇಕು. ಪಕ್ಷದ ಚಿಹ್ನೆ ಹುಡುಕಿ ಗುಂಡಿ ಒತ್ತಿ ರೂಢಿಯಿರುವ ನಮಗೆ ಇದು ಪರೀಕ್ಷೆಯ ಉತ್ತರ ಹಾಳೆಯಂತೆ ಕಾಣಬಹುದು.

ಇಲ್ಲಿ ಮರೆಯಬಾರದ ನಿಯಮ ಒಂದೇ: ಎಲ್ಲ ಗುರುತುಗಳೂ ಒಂದೇ ಪಕ್ಷದ ಅಂಕಣದಲ್ಲಿರಬೇಕು. ರಾಜ್ಯಪಾಲ ಹುದ್ದೆಗೆ ಡೆಮಾಕ್ರಟಿಕ್ ಅಂಕಣದಲ್ಲೂ ಸಂಸತ್ತಿಗೆ ರಿಪಬ್ಲಿಕನ್ ಅಂಕಣದಲ್ಲೂ ಗುರುತು ಮಾಡಿದರೆ ಪಕ್ಷಗಳಿಗೆ ಸಂಬಂಧಿಸಿದ ಭಾಗ ಇಡಿಯಾಗಿ ಅನೂರ್ಜಿತವಾಗುತ್ತದೆ. ಪಕ್ಷಾತೀತ ಹುದ್ದೆಗಳಿಗೂ ಸ್ಥಳೀಯ ಪ್ರಸ್ತಾವಗಳಿಗೂ ಹಾಕಿದ ಮತ ಮಾತ್ರ ಉಳಿಯುತ್ತದೆ. ಮತಗಟ್ಟೆಗೆ ಹೋದವರಿಗೆ ಎಣಿಕೆ ಯಂತ್ರವೇ ತಪ್ಪನ್ನು ತೋರಿಸಿಕೊಡುವುದರಿಂದ ಹೊಸ ಹಾಳೆ ಕೇಳಿ ಪಡೆಯಬಹುದು, ಅಂಚೆಯಲ್ಲಿ ಕಳುಹಿಸಿದವರಿಗೆ ಆ ಅನುಕೂಲವಿರುವುದಿಲ್ಲ. ಅಂಚೆ ಮೂಲಕ ಮತ ಹಾಕುವ ನಮ್ಮ ಬಂಧುಗಳು ಈ ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕೆಂದು ಒತ್ತಿ ಹೇಳಬೇಕಾಗುತ್ತದೆ.

ಯಾವ ಅಂಕಣ ಆರಿಸಬೇಕೆಂಬುದು ಮತದಾರನ ಇಷ್ಟ. ಮಿಷಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿಯೇ ಇಲ್ಲದ್ದರಿಂದ, ಜೀವನವಿಡೀ ಒಂದು ಪಕ್ಷಕ್ಕೆ ಮತ ಹಾಕಿದವರೂ ಇನ್ನೊಂದು ಪಕ್ಷದ ಪ್ರೈಮರಿಯಲ್ಲಿ ಭಾಗವಹಿಸಬಹುದು, ಯಾವುದರಲ್ಲಿ ಭಾಗವಹಿಸಿದರೆಂಬುದು ಗುಟ್ಟಾಗಿಯೇ ಉಳಿಯುತ್ತದೆ. ಇದನ್ನು ಮುಕ್ತ ಪ್ರೈಮರಿ ಎನ್ನುತ್ತಾರೆ. ನೋಂದಾಯಿತ ಬೆಂಬಲಿಗರಿಗೆ ಮಾತ್ರ ಅವಕಾಶ ಕೊಡುವ ರಾಜ್ಯಗಳೂ ಅಮೆರಿಕದಲ್ಲಿವೆ, ಪ್ರತಿ ರಾಜ್ಯಕ್ಕೂ ಅದರದೇ ಕಾನೂನು. ನೆರೆಯ ರಾಜ್ಯದ ಗೆಳೆಯರು ಹೇಳಿದ ನಿಯಮ ಮಿಷಿಗನ್‌ಗೆ ಹೊಂದದಿರುವುದು ಈ ಕಾರಣದಿಂದಲೇ.

ಒಂದೇ ದಿನ, ಅದೇ ಮತದಾರರು, ಎರಡು ಫಲಿತಾಂಶ

ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದ ಪ್ರತಿಯೊಬ್ಬರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. ನಮ್ಮ ಚುನಾವಣೆಯ ನಿಯಮವೂ ಇದೇ. ಆದರೆ ಒಂದೇ ಪಕ್ಷದ ಆರೇಳು ಮಂದಿ ಎದುರುಬದುರಾದಾಗ ಈ ನಿಯಮ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ 2018ರ ಆಗಸ್ಟ್ 7ರಂದು 13ನೇ ಕ್ಷೇತ್ರದಲ್ಲಿ ನಡೆದದ್ದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಕಾನ್ಯರ್ಸ್ ಅವರು 2017ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟಿದ್ದರಿಂದ ಎರಡು ಆಯ್ಕೆಗಳು ಒಟ್ಟಿಗೆ ಬಂದಿದ್ದವು. ಒಂದು, ಅವರ ಅವಧಿಯಲ್ಲಿ ಉಳಿದಿದ್ದ ಕೆಲವೇ ವಾರಗಳಿಗೆ. ಇನ್ನೊಂದು, 2019ರ ಜನವರಿಯಿಂದ ಶುರುವಾಗುವ ಪೂರ್ಣ ಅವಧಿಗೆ. ಎರಡಕ್ಕೂ ಡೆಮಾಕ್ರಟಿಕ್ ಪ್ರೈಮರಿ ಅದೇ ದಿನ ನಡೆಯಿತು, ಮುಖ್ಯ ಸ್ಪರ್ಧಿಗಳೂ ಅವರೇ: ಡೆಟ್ರಾಯಿಟ್ ನಗರ ಸಭೆಯ ಅಧ್ಯಕ್ಷೆ ಬ್ರೆಂಡಾ ಜೋನ್ಸ್ ಮತ್ತು ಮಾಜಿ ಶಾಸಕಿ ರಶೀದಾ ತಲೈಬ್. ಉಳಿದ ಅವಧಿಯ ಕಣದಲ್ಲಿ ನಾಲ್ವರಿದ್ದರು, ಅಲ್ಲಿ ಜೋನ್ಸ್ 1,600ಕ್ಕೂ ಹೆಚ್ಚು ಮತಗಳಿಂದ ಮುಂದೆ ಬಂದರು. ಪೂರ್ಣ ಅವಧಿಯ ಕಣದಲ್ಲಿ ಆರು ಮಂದಿ, ಅಲ್ಲಿ ತಲೈಬ್ ಸುಮಾರು ಶೇ 31, ಜೋನ್ಸ್ ಸುಮಾರು ಶೇ 30 ಮತ ಪಡೆದು, ಕೇವಲ 900ರಷ್ಟು ಮತಗಳ ಅಂತರದಲ್ಲಿ ತಲೈಬ್ ಗೆದ್ದರು. ಹೆಚ್ಚುವರಿಯಾಗಿ ಬಂದ ಇಬ್ಬರು ಸೆಳೆದುಕೊಂಡ ಮತಗಳು ಫಲಿತಾಂಶವನ್ನೇ ತಿರುಗಿಸಲು ಸಾಕಾದವು. ಜೋನ್ಸ್ ನವೆಂಬರ್ ಕೊನೆಯಿಂದ ಜನವರಿ ಆರಂಭದವರೆಗೆ ಐದು ವಾರ ಸಂಸದೆಯಾಗಿದ್ದರು, ತಲೈಬ್ ಆ ಬಳಿಕದ ಚುನಾವಣೆಗಳಲ್ಲೂ ಗೆಲ್ಲುತ್ತ ಬಂದರು.

ಆರಂಭದಲ್ಲಿ ಹೇಳಿದ ಶೇ 28ರ ಒಗಟಿಗೂ ಉತ್ತರ ಇಲ್ಲಿದೆ. 2022ರಲ್ಲಿ ಒಂಬತ್ತು ಮಂದಿಯ ನಡುವೆ ಮತ ಹಂಚಿಹೋಯಿತು. ತಮ್ಮ ಸ್ವಂತ ಸಂಪತ್ತಿನಿಂದ ಹಲವು ದಶಲಕ್ಷ ಡಾಲರ್ ತೊಡಗಿಸಿದ್ದ ಥಾಣೇದಾರ್ ಅವರು ಸುಮಾರು ಶೇ 23 ಮತ ಪಡೆದ ಹೋಲಿಯರ್ ಅವರನ್ನು ಹಿಂದಿಕ್ಕಿದರು. ಡೆಟ್ರಾಯಿಟ್‌ನ ಮುಕ್ಕಾಲು ಭಾಗಕ್ಕೂ ಹೆಚ್ಚು ನಿವಾಸಿಗಳು ಕಪ್ಪು ಜನಾಂಗದವರು. ಆ ಸಮುದಾಯದ ಹಲವು ಸ್ಪರ್ಧಿಗಳ ನಡುವೆ ಮತ ಒಡೆದುಹೋಗಿ, ಏಳು ದಶಕಗಳ ಹತ್ತಿರದ ಅವಧಿಯಲ್ಲಿ ಮೊದಲ ಬಾರಿಗೆ ಆ ನಗರಕ್ಕೆ ಸಂಸತ್ತಿನಲ್ಲಿ ಕಪ್ಪು ಜನಾಂಗದ ಪ್ರತಿನಿಧಿ ಇಲ್ಲದಂತಾಯಿತು. ಬೆಳಗಾವಿಯಲ್ಲಿ ಹೆಮ್ಮೆ ತಂದ ಫಲಿತಾಂಶವೇ ಡೆಟ್ರಾಯಿಟ್‌ನ ಅನೇಕ ಮನೆಗಳಲ್ಲಿ ನೋವು ತಂದಿತ್ತು. ಎರಡನ್ನೂ ಒಟ್ಟಿಗೆ ತಿಳಿದುಕೊಂಡರೆ ಮಾತ್ರ ಈ ಕ್ಷೇತ್ರದ ಪ್ರೈಮರಿ ಪ್ರತಿ ಸಲವೂ ಏಕೆ ಅಷ್ಟು ಬಿಸಿಯಾಗಿರುತ್ತದೆ ಎಂಬುದು ಅರ್ಥವಾಗುತ್ತದೆ.

ಇನ್ನು ನವೆಂಬರಿನ ಶೇ 71. 13ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಬೆಂಬಲಿಗರ ಸಂಖ್ಯೆ ಎಷ್ಟು ದೊಡ್ಡದೆಂದರೆ, 2018ರಲ್ಲಿ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಹೆಸರೇ ಮತಪತ್ರದಲ್ಲಿರಲಿಲ್ಲ. ಪ್ರೈಮರಿಯಲ್ಲಿ ಬೇರೆಯವರಿಗೆ ಮತ ಹಾಕಿದ್ದ ಡೆಮಾಕ್ರಟರು ನವೆಂಬರಿನಲ್ಲಿ ತಮ್ಮ ಪಕ್ಷದ ಅಭ್ಯರ್ಥಿಯ ಹಿಂದೆ ನಿಲ್ಲುತ್ತಾರೆ. ಇಂಥ ಕ್ಷೇತ್ರಗಳಲ್ಲಿ ಸಂಸದರನ್ನು ನಿಜಕ್ಕೂ ಆರಿಸುವ ದಿನ ಆಗಸ್ಟ್‌ನಲ್ಲೇ ಕಳೆದುಹೋಗಿರುತ್ತದೆ. ಆದರೆ ಆ ದಿನ ಮತಗಟ್ಟೆಗೆ ಬರುವವರು ಕಡಿಮೆ: 2022ರಲ್ಲಿ ರಾಜ್ಯದಾದ್ಯಂತ ನವೆಂಬರಿನಲ್ಲಿ 44 ಲಕ್ಷಕ್ಕೂ ಹೆಚ್ಚು ಮಂದಿ ಮತ ಹಾಕಿದ್ದರೆ, ಆಗಸ್ಟ್‌ನಲ್ಲಿ ಬಂದವರು ಅದರ ಅರ್ಧಕ್ಕಿಂತ ಕಡಿಮೆ.

ಎರಡೂ ಪಕ್ಷಗಳು ಸಮಬಲವಾಗಿರುವಲ್ಲಿ

ಪೈಪೋಟಿ ಬಿಗಿಯಾಗಿರುವ ಕ್ಷೇತ್ರದಲ್ಲಿ ಲೆಕ್ಕ ಬೇರೆ. ಗ್ರ್ಯಾಂಡ್ ರ‍್ಯಾಪಿಡ್ಸ್ ನಗರವನ್ನು ಒಳಗೊಂಡ 3ನೇ ಕ್ಷೇತ್ರದ ಆಗಿನ ಸದಸ್ಯ ಪೀಟರ್ ಮೈಯರ್ ಅವರು, 2021ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಅವರ ವಿರುದ್ಧದ ದೋಷಾರೋಪಣೆಯ ಪರ ಮತ ಹಾಕಿದ ಹತ್ತು ರಿಪಬ್ಲಿಕನ್ ಸದಸ್ಯರಲ್ಲಿ ಒಬ್ಬರು. 2022ರ ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲ ಪಡೆದ ಜಾನ್ ಗಿಬ್ಸ್ ನಿಂತರು. ಆಗ ಡೆಮಾಕ್ರಟಿಕ್ ಪಕ್ಷದ ಸಂಸತ್ ಚುನಾವಣಾ ಸಮಿತಿ, ಗಿಬ್ಸ್ ಅವರನ್ನು ಟ್ರಂಪ್ ಅವರ ಆಪ್ತರೆಂದು ಬಿಂಬಿಸುವ ಜಾಹೀರಾತಿಗೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ವೆಚ್ಚ ಮಾಡಿತು. ಮೇಲ್ನೋಟಕ್ಕೆ ಟೀಕೆಯಂತಿದ್ದ ಆ ಜಾಹೀರಾತು ರಿಪಬ್ಲಿಕನ್ ಮತದಾರರ ಕಣ್ಣಿಗೆ ಹೊಗಳಿಕೆಯಾಗಿ ಕಾಣಲಿ ಎಂಬುದು ಉದ್ದೇಶ. ಮೈಯರ್ ನಾಲ್ಕು ಸಾವಿರಕ್ಕಿಂತ ಕಡಿಮೆ ಮತಗಳಿಂದ ಸೋತರು. ನವೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಶೋಲ್ಟನ್ ಅವರು ಗಿಬ್ಸ್ ಅವರನ್ನು ದೊಡ್ಡ ಅಂತರದಿಂದ ಸೋಲಿಸಿದರು. ಪಕ್ಷದ ಕಟ್ಟಾ ಬೆಂಬಲಿಗರಿಗೆ ಆಗಸ್ಟ್‌ನಲ್ಲಿ ಹಿಡಿಸುವ ಅಭ್ಯರ್ಥಿ ನವೆಂಬರಿನ ವಿಶಾಲ ಮತದಾರ ವರ್ಗಕ್ಕೆ ಹಿಡಿಸದೇ ಹೋಗಬಹುದು. ಪ್ರೈಮರಿ ಪದ್ಧತಿಯ ಬಗ್ಗೆ ಅಮೆರಿಕದಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಸುತ್ತುವುದು ಇದೇ ಬಿಂದುವಿನ ಸುತ್ತ.

ಗಡಿ ಎಳೆಯುವವರು ಯಾರು

ಯಾವ ಕ್ಷೇತ್ರ ಸುರಕ್ಷಿತ, ಯಾವುದು ಸಮಬಲ ಎಂಬುದನ್ನು ಬಹುಪಾಲು ನಿರ್ಧರಿಸುವುದು ಕ್ಷೇತ್ರದ ಗಡಿ. ಮೊದಲು ಮಿಷಿಗನ್‌ನಲ್ಲಿ ಶಾಸಕಾಂಗವೇ ಗಡಿ ಎಳೆಯುತ್ತಿತ್ತು, ಅಂದರೆ ಬಹುಮತವಿದ್ದ ಪಕ್ಷಕ್ಕೆ ತನಗೆ ಅನುಕೂಲವಾಗುವಂತೆ ನಕ್ಷೆ ರೂಪಿಸಿಕೊಳ್ಳಲು ದಾರಿಯಿತ್ತು. 2018ರಲ್ಲಿ ಮತದಾರರು ಜನಮತಗಣನೆಯ ಮೂಲಕ ಈ ಅಧಿಕಾರವನ್ನು ಸ್ವತಂತ್ರ ನಾಗರಿಕ ಆಯೋಗಕ್ಕೆ ಒಪ್ಪಿಸಿದರು. ಅದರಲ್ಲಿ ನಾಲ್ವರು ಡೆಮಾಕ್ರಟರು, ನಾಲ್ವರು ರಿಪಬ್ಲಿಕನ್ನರು, ಯಾವ ಪಕ್ಷಕ್ಕೂ ಸೇರದ ಐವರು, ಒಟ್ಟು 13 ಮಂದಿ ಸಾಮಾನ್ಯ ನಾಗರಿಕರಿರುತ್ತಾರೆ.

ಸ್ಥಾನವೊಂದು ಕಡಿಮೆಯಾದಾಗ ಹೊಸ ನಕ್ಷೆ ಹಾಲಿ ಸದಸ್ಯರನ್ನೇ ಎದುರುಬದುರು ನಿಲ್ಲಿಸಬಹುದು. 2022ರಲ್ಲಿ 11ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹೇಲಿ ಸ್ಟೀವನ್ಸ್ ಮತ್ತು ಆ್ಯಂಡಿ ಲೆವಿನ್ ಎಂಬ ಇಬ್ಬರು ಹಾಲಿ ಸಂಸದರೇ ಸೆಣಸಿದರು, ಸ್ಟೀವನ್ಸ್ ಗೆದ್ದರು.

ಸೋತವರಿಗೆ ಬಂಡಾಯದ ದಾರಿಯಿದೆಯೇ

ಟಿಕೆಟ್ ಕೈತಪ್ಪಿದವರು ಬಂಡಾಯವೆದ್ದು ಪಕ್ಷೇತರರಾಗಿ ನಿಲ್ಲುವುದು, ಇಲ್ಲವೇ ರಾತ್ರೋರಾತ್ರಿ ಇನ್ನೊಂದು ಪಕ್ಷದ ಬಿ ಫಾರಂ ಪಡೆಯುವುದು ಕರ್ನಾಟಕದಲ್ಲಿ ಪ್ರತಿ ಚುನಾವಣೆಯ ಸುದ್ದಿ. ಮಿಷಿಗನ್ ಕಾನೂನು ಆ ಬಾಗಿಲು ಮುಚ್ಚಿದೆ. ಒಂದು ಪಕ್ಷದ ಪ್ರೈಮರಿಯಲ್ಲಿ ಸೋತವರು ಅದೇ ವರ್ಷದ ನವೆಂಬರಿನಲ್ಲಿ ಬೇರೆ ಪಕ್ಷದ ಅಭ್ಯರ್ಥಿಯಾಗುವಂತಿಲ್ಲ. ಪಕ್ಷೇತರರಾಗಿ ಅರ್ಜಿ ಹಾಕುವ ಗಡುವಂತೂ ಪ್ರೈಮರಿಗೆ ಮೊದಲೇ, ಜುಲೈಯಲ್ಲೇ ಮುಗಿದಿರುತ್ತದೆ. ಆದ್ದರಿಂದ ನವೆಂಬರಿನ ಸ್ಪರ್ಧೆ ಸಾಮಾನ್ಯವಾಗಿ ಪಕ್ಷಕ್ಕೊಬ್ಬರಂತೆ ನೇರ ಹಣಾಹಣಿಯಾಗಿಯೇ ಇರುತ್ತದೆ.

ಆ ಹಣಾಹಣಿ ಎಷ್ಟು ತೆಳುವಾದ ಅಂತರದಲ್ಲಿ ಮುಗಿಯಬಹುದು ಎಂಬುದಕ್ಕೆ 2024ರ ಸೆನೆಟ್ ಚುನಾವಣೆ ಸಾಕ್ಷಿ. ಡೆಮಾಕ್ರಟಿಕ್ ಪಕ್ಷದ ಎಲಿಸ್ಸಾ ಸ್ಲಾಟ್‌ಕಿನ್ ಅವರು ರಿಪಬ್ಲಿಕನ್ ಪಕ್ಷದ ಮೈಕ್ ರಾಜರ್ಸ್ ಅವರನ್ನು ಸುಮಾರು 19,000 ಮತಗಳಿಂದ, ಅಂದರೆ ಶೇ 0.3ರಷ್ಟು ಅಂತರದಿಂದ ಸೋಲಿಸಿದರು. ರಾಜ್ಯದ ಇನ್ನೊಂದು ಸೆನೆಟ್ ಸ್ಥಾನ ಗ್ಯಾರಿ ಪೀಟರ್ಸ್ ಅವರದ್ದು. ಮತ್ತೆ ಸ್ಪರ್ಧಿಸುವುದಿಲ್ಲವೆಂದು ಅವರು 2025ರ ಜನವರಿಯಲ್ಲಿ ಘೋಷಿಸಿದ್ದರಿಂದ, 2026ರಲ್ಲಿ ಹಾಲಿ ಸದಸ್ಯರಿಲ್ಲದ ಆ ಸ್ಥಾನದ ಮೇಲೆ ಇಡೀ ದೇಶದ ಗಮನವಿದೆ.

ಅಲ್ಲಿರುವ ಕನ್ನಡಿಗರು ತಿಳಿದಿರಬೇಕಾದದ್ದು

ಡೆಟ್ರಾಯಿಟ್ ಸುತ್ತಮುತ್ತಲಿನ ವಾಹನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ದೊಡ್ಡ ಸಮುದಾಯವೇ ಇದೆ, ಅವರ ಪಂಪ ಕನ್ನಡ ಕೂಟ ಹೆಸರಾದ ಸಂಸ್ಥೆ. ಅವರಲ್ಲಿ ಈ ಚುನಾವಣೆಗಳಲ್ಲಿ ಮತ ಹಾಕಬಹುದಾದವರು ಅಮೆರಿಕದ ಪೌರತ್ವ ಪಡೆದವರು ಮಾತ್ರ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗಳಿಗೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಎರಡನ್ನೂ ಮಾಡುವಂತಿಲ್ಲ. ಸಹಿ ಸಂಗ್ರಹಿಸುವವರು ಅಂಗಡಿಯ ಮುಂದೆ ಹಾಳೆ ಚಾಚಿದಾಗಲೂ, ನೋಂದಾಯಿತ ಮತದಾರರಲ್ಲದವರು ಸಹಿ ಹಾಕಬಾರದು.

ಪೌರತ್ವ ಪಡೆದು ಇನ್ನೂ ಮತದಾರರ ಪಟ್ಟಿಗೆ ಸೇರದವರಿಗೆ 2018ರ ಇನ್ನೊಂದು ಜನಮತಗಣನೆ ಸುಲಭದ ದಾರಿ ಮಾಡಿಕೊಟ್ಟಿದೆ. ಕನಿಷ್ಠ 30 ದಿನಗಳಿಂದ ಊರಿನಲ್ಲಿ ವಾಸವಿರುವವರು ವಿಳಾಸದ ದಾಖಲೆಯೊಂದಿಗೆ ಮತದಾನದ ದಿನವೇ ತಮ್ಮ ನಗರ ಅಥವಾ ಪಟ್ಟಣದ ಕ್ಲರ್ಕ್ ಕಚೇರಿಗೆ ಹೋದರೆ ಅಲ್ಲಿಯೇ ನೋಂದಾಯಿಸಿಕೊಂಡು ಮತ ಹಾಕಬಹುದು. ಕಚೇರಿಯ ಬಾಗಿಲು ಅದಕ್ಕಾಗಿ ರಾತ್ರಿ 8 ಗಂಟೆಯವರೆಗೆ ತೆರೆದಿರುತ್ತದೆ. ಈ ಅವಕಾಶ ನವೆಂಬರಿಗಷ್ಟೇ ಅಲ್ಲ, ಆಗಸ್ಟ್‌ಗೂ ಇದೆ.